ಎಸೆಯುವ ಮುನ್ನ ಒಂದು ತಂತಿ ಜೋಡಿಸಿ

ಗೌರಿ ಹಬ್ಬಕ್ಕೋ ದಸರೆಗೋ ಮನೆಗೆ ಸುಣ್ಣ ಬಳಿಯುವ ಹೊತ್ತಿನಲ್ಲಿ ಅಟ್ಟ ಬರಿದಾಗುತ್ತದೆ. ಹಿತ್ತಾಳೆ ಪಾತ್ರೆ, ಮುರಿದ ತೊಟ್ಟಿಲು, ಹಳೆಯ ಪಂಚಾಂಗಗಳ ಕಟ್ಟು ಒಂದೊಂದಾಗಿ ಕೆಳಗಿಳಿಯುತ್ತವೆ. ಅವುಗಳ ನಡುವೆ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಟೇಪ್ ರೆಕಾರ್ಡರ್ ಇರುತ್ತದೆ. ಕೆಲವು ಮನೆಗಳಲ್ಲಿ ಅದು ಎರಡು ಮರದ ಪೆಟ್ಟಿಗೆಗಳುಳ್ಳ ಸ್ಟೀರಿಯೋ ಸೆಟ್ಟಾಗಿರುತ್ತದೆ. ಪಕ್ಕದಲ್ಲೇ ಬಿಸ್ಕತ್ತಿನ ಡಬ್ಬದ ತುಂಬ ಕ್ಯಾಸೆಟ್ಟುಗಳು. ಅಷ್ಟರಲ್ಲಿ ಬೀದಿಯಲ್ಲಿ ಗುಜರಿಯವರ ಕೂಗು ಕೇಳುತ್ತದೆ. ತಕ್ಕಡಿ ತೂಗುತ್ತದೆ, ಸೆಟ್ಟು ಹೋಗುತ್ತದೆ, ಒಂದು ಪ್ಲಾಸ್ಟಿಕ್ ಬಕೆಟ್ ಬರುತ್ತದೆ. ಆ ತಿಂಗಳೇ ಪೇಟೆಯಿಂದ ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ಮನೆ ಸೇರುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಲವು ವರ್ಷಗಳಿಂದ ಸದ್ದಿಲ್ಲದೆ ನಡೆಯುತ್ತಿರುವ ವಿನಿಮಯ ಇದು.

ಈ ವಿನಿಮಯದಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಸಾವಧಾನವಾಗಿ ಚಿಂತಿಸಬೇಕಾಗಿದೆ. ಹಳೆಯ ಸೆಟ್ಟಿಗೆ ಬ್ಲೂಟೂತ್ ಇಲ್ಲ, ಹೊಸ ಸ್ಪೀಕರಿಗೆ ಕ್ಯಾಸೆಟ್ ಹಾಕುವ ಬಾಯಿಲ್ಲ. ಆದ್ದರಿಂದ ಒಂದು ಬಂದರೆ ಇನ್ನೊಂದು ಹೋಗಲೇಬೇಕು ಎಂದು ಜನ ನಂಬಿದ್ದಾರೆ. ಈ ನಂಬಿಕೆ ಸುಳ್ಳು. ಎರಡನ್ನೂ ಜೋಡಿಸಲು ಬೇಕಾದುದು ಒಂದು ಗೇಣು ತಂತಿ. ಬಹಳವೆಂದರೆ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಉಪಕರಣ. ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುವ ಈ ಕೆಲಸ ತಿಳಿಯದಿರುವುದರಿಂದ ಗುಜರಿ ಸೇರುತ್ತಿರುವುದು ಬರಿಯ ಕಬ್ಬಿಣವಲ್ಲ.

ಡಬ್ಬದಲ್ಲಿ ಏನಿದೆ?

ಫಿಲಿಪ್ಸ್ ಸಂಸ್ಥೆ ಕ್ಯಾಸೆಟ್ಟನ್ನು ಜಗತ್ತಿಗೆ ಪರಿಚಯಿಸಿದ್ದು 1963ರಲ್ಲಿ. ಅದು ಹಳ್ಳಿಗಳನ್ನು ಮುಟ್ಟಿದ ಮೇಲೆ ಒಂದು ಅಪೂರ್ವ ಸಂಗತಿ ನಡೆಯಿತು. ಅದುವರೆಗೆ ದನಿಯನ್ನು ಹಿಡಿದಿಡುವ ಶಕ್ತಿ ರೇಡಿಯೋ ಕೇಂದ್ರಕ್ಕೆ, ರೆಕಾರ್ಡ್ ಕಂಪನಿಗೆ ಮಾತ್ರ ಇತ್ತು. ಕ್ಯಾಸೆಟ್ಟು ಆ ಶಕ್ತಿಯನ್ನು ರೈತನ ಮನೆಯ ಜಗಲಿಗೆ ತಂದಿತು. ಕೆಂಪು ಗುಂಡಿಯನ್ನು ಒತ್ತಿದರೆ ಅಜ್ಜಿಯ ಸೋಬಾನೆ ಪದವೂ ಉಳಿಯುತ್ತಿತ್ತು, ಊರಿನ ನಾಟಕವೂ ಉಳಿಯುತ್ತಿತ್ತು.

ಈ ನಾಲ್ಕು ತಾಲ್ಲೂಕುಗಳಲ್ಲಿ ಉಳಿಸಿಕೊಳ್ಳಬೇಕಾದ ದನಿಗಳು ಕಡಿಮೆಯೇನಿಲ್ಲ. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥನವನ್ನು ಗಣೆ ಎಂಬ ಉದ್ದನೆಯ ಕೊಳಲಿನೊಂದಿಗೆ ಹಾಡುವ ಪರಂಪರೆಯಿದೆ. ಮೂಡಲಪಾಯ ಯಕ್ಷಗಾನದ ಭಾಗವತರ ಪದಗಳಿವೆ, ಮುಖವೀಣೆಯ ನಾದವಿದೆ. ಊರೂರಿನಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳ ಕಂದಪದ್ಯಗಳಿವೆ. ಆಂಧ್ರದ ಗಡಿ ಸುತ್ತುವರಿದ ಪಾವಗಡದಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಅಂಗಳದಲ್ಲಿ ಹಾಡಾಗುತ್ತವೆ. ಇವುಗಳಲ್ಲಿ ವಿಶ್ವವಿದ್ಯಾಲಯದವರು ಸಂಗ್ರಹಿಸಿದ್ದು ಒಂದು ಪಾಲು. ಮನೆಯವರೇ ಮದುವೆಯಲ್ಲಿ, ಜಾತ್ರೆಯಲ್ಲಿ, ಬೇಸಿಗೆಯ ರಾತ್ರಿಗಳಲ್ಲಿ ಹಿಡಿದಿಟ್ಟುಕೊಂಡ ಪಾಲು ಬೇರೆ. ಆ ಎರಡನೆಯ ಪಾಲಿಗೆ ಬೇರೆ ಪ್ರತಿಯಿಲ್ಲ. ಸಿನಿಮಾ ಹಾಡಿನ ಕ್ಯಾಸೆಟ್ ಹೋದರೆ ಆ ಹಾಡು ಮೊಬೈಲಿನಲ್ಲಿ ಸಿಗುತ್ತದೆ. ತೀರಿಹೋದ ಅಜ್ಜಿಯ ದನಿ ಎಲ್ಲಿಯೂ ಸಿಗುವುದಿಲ್ಲ.

ಕ್ಯಾಸೆಟ್ಟನ್ನು ಉಳಿಸಿಕೊಂಡು ಅದನ್ನು ನುಡಿಸುವ ಯಂತ್ರವನ್ನು ಮಾರಿದವರೂ ಇದ್ದಾರೆ. ಬೀಗ ಇಟ್ಟುಕೊಂಡು ಕೀಲಿಕೈ ಮಾರಿದಂತೆ ಇದು. ಸುಸ್ಥಿತಿಯ ಟೇಪ್ ರೆಕಾರ್ಡರ್ ಒಂದೊಂದು ಗುಜರಿ ಸೇರಿದಂತೆಲ್ಲ, ಊರಿನಲ್ಲಿ ಉಳಿದ ನೂರಾರು ಕ್ಯಾಸೆಟ್ಟುಗಳು ಮೂಕವಾಗುತ್ತ ಹೋಗುತ್ತವೆ.

ಬೆಟ್ಟಕ್ಕೂ ಈ ಸೆಟ್ಟಿಗೂ ಏನು ನಂಟು?

ಪರಿಸರದ ಪತ್ರಿಕೆಗೆ ಟೇಪ್ ರೆಕಾರ್ಡರಿನ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಆ ಪೆಟ್ಟಿಗೆಯನ್ನು ಬಿಚ್ಚಿದರೆ ಉತ್ತರ ಕಾಣುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರಿನ ಸುರುಳಿ ತಾಮ್ರದ್ದು. ಅದರ ನಡುವಿನ ತಗಡುಗಳು ಕಬ್ಬಿಣದವು. ಬಿಡಿಭಾಗಗಳನ್ನು ಬೆಸೆದ ಸೀಸ-ತವರದ ಬೆಸುಗೆ ಫಲಕದ ತುಂಬ ಹರಡಿದೆ. ಇವೆಲ್ಲವೂ ಯಾವುದೋ ಬೆಟ್ಟದ ಒಡಲಿನಿಂದ ಬಂದವು. ನೆರೆಯ ಚಿತ್ರದುರ್ಗದ ಇಂಗಳದಾಳದಲ್ಲಿ ತಾಮ್ರಕ್ಕಾಗಿ ಗಣಿ ತೋಡಿದ ಚರಿತ್ರೆ ಈ ಸೀಮೆಯವರಿಗೆ ಗೊತ್ತಿರುವುದೇ. ಒಮ್ಮೆ ಬೆಟ್ಟ ಅಗೆದು ತೆಗೆದ ಲೋಹ ಮನೆಯಲ್ಲೇ ಇರುವಾಗ ಅದನ್ನು ಹೊರಗೆಸೆದು ಇನ್ನೊಂದು ಬೆಟ್ಟದ ಲೋಹವನ್ನು ಕೊಳ್ಳುವುದು ಎಂಥ ಲೆಕ್ಕಾಚಾರ?

ಹೊಸ ಸ್ಪೀಕರಿನ ಕಥೆಯೂ ಬೇರೆಯಲ್ಲ. ಅದರ ಚಿಕ್ಕ ಒಡಲಿನಿಂದ ದೊಡ್ಡ ಸದ್ದು ಹೊರಡಿಸಲು ಹಲವು ಮಾದರಿಗಳಲ್ಲಿ ನಿಯೋಡಿಮಿಯಂ ಎಂಬ ವಿರಳ ಲೋಹದ ಅಯಸ್ಕಾಂತವನ್ನು ಬಳಸುತ್ತಾರೆ. ತಂತಿಯಿಲ್ಲದೆ ನಡೆಯಲು ಲಿಥಿಯಂ ಬ್ಯಾಟರಿ ಬೇಕು. ಆ ಲಿಥಿಯಂ ಚಿಲಿಯ ಅಟಕಾಮ ಮರುಭೂಮಿಯಂಥ ಕಡೆಗಳಲ್ಲಿ ನೆಲದಾಳದ ಉಪ್ಪುನೀರನ್ನು ಮೇಲೆತ್ತಿ ಬತ್ತಿಸಿ ತೆಗೆದದ್ದಾಗಿರಬಹುದು. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳ ಸೀಮೆಯವರಿಗೆ ಒಣನಾಡಿನ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಆಯುಷ್ಯದ ಮಾತು. ಮೂವತ್ತು, ನಲವತ್ತು ವರ್ಷ ಹಳೆಯ ಆಂಪ್ಲಿಫೈಯರಿನಲ್ಲಿ ಕೆಟ್ಟ ಕೆಪಾಸಿಟರನ್ನೋ ಸ್ವಿಚ್ಚನ್ನೋ ಬದಲಿಸಿದರೆ ಅದು ಮತ್ತೆ ನಡೆಯುತ್ತದೆ. ಲಿಥಿಯಂ ಬ್ಯಾಟರಿ ಹಾಗಲ್ಲ. ಸುಮಾರು 300ರಿಂದ 500 ಬಾರಿ ಪೂರ್ಣವಾಗಿ ಚಾರ್ಜ್ ಆಗಿ ಇಳಿಯುವಷ್ಟರಲ್ಲಿ ಅದರ ಕಸುವು ಎದ್ದು ಕಾಣುವಂತೆ ಕುಗ್ಗುತ್ತದೆ. ಅನೇಕ ಸ್ಪೀಕರುಗಳಲ್ಲಿ ಆ ಬ್ಯಾಟರಿಯನ್ನು ಅಂಟು ಹಾಕಿ ಒಳಗೆ ಮುಚ್ಚಿಬಿಟ್ಟಿರುತ್ತಾರೆ. ಉಳಿದೆಲ್ಲ ಭಾಗಗಳು ಗಟ್ಟಿಯಾಗಿದ್ದರೂ ಬ್ಯಾಟರಿಯ ಸಾವಿನೊಂದಿಗೆ ಇಡೀ ಯಂತ್ರವೇ ಕಸವಾಗುತ್ತದೆ. ಬಳಸಿ ಬಿಸಾಡುವ ಸಂಸ್ಕೃತಿಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ, 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದಕ್ಕೆ ದಾಖಲೆ ಇರುವುದು ನೂರಕ್ಕೆ 22.3 ಪಾಲಿಗೆ ಮಾತ್ರ. ಮಿಕ್ಕದ್ದರಲ್ಲಿ ಒಂದಷ್ಟು ಹಳ್ಳ, ಗುಂಡಿ, ಬೆಂಕಿಗಳ ಪಾಲು. ತಾಮ್ರಕ್ಕಾಗಿ ವೈರುಗಳನ್ನು ಬಯಲಿನಲ್ಲಿ ಸುಡುವಾಗ ಮೇಲಿನ ಪಿವಿಸಿ ಹೊದಿಕೆಯಿಂದ ಡಯಾಕ್ಸಿನ್ ಎಂಬ ಘೋರ ವಿಷ ಹೊರಡುತ್ತದೆ. ಆ ಹೊಗೆಯನ್ನು ಮೊದಲು ಕುಡಿಯುವವರು ಗುಜರಿಯ ಕೆಲಸದಲ್ಲಿ ಹೊಟ್ಟೆ ಹೊರೆಯುವ ಬಡವರು. ತಪ್ಪು ಅವರದಲ್ಲ. ಕೆಡದ ವಸ್ತುವನ್ನು ಅವರ ತಕ್ಕಡಿಗೆ ಹಾಕುವ ಕೈಗಳದು.

ಜೋಡಿಸುವ ಬಗೆ

ಈಗ ಕೆಲಸದ ಮಾತಿಗೆ ಬರಬಹುದು. ಹಳೆಯ ಸೆಟ್ಟಿನ ಹಿಂಬದಿಯನ್ನೂ ಪಕ್ಕಗಳನ್ನೂ ಬೆಳಕಿನಲ್ಲಿ ನೋಡಬೇಕು. ದನಿ ಹೊರಬರುವ ದಾರಿ ಸಾಮಾನ್ಯವಾಗಿ ನಾಲ್ಕು ಬಗೆ. ಮೊದಲನೆಯದು 'ಲೈನ್ ಔಟ್', 'ಟೇಪ್ ಔಟ್' ಅಥವಾ 'ರೆಕ್ ಔಟ್' ಎಂದು ಬರೆದಿರುವ ಎರಡು ದುಂಡನೆಯ ತೂತುಗಳು, ಎಡಕ್ಕೊಂದು, ಬಲಕ್ಕೊಂದು. ಎರಡನೆಯದು ಹೆಡ್‌ಫೋನಿನ ತೂತು. ಮೂರನೆಯದು ಹಳೆಯ ಫಿಲಿಪ್ಸ್ ಮುಂತಾದ ಸೆಟ್ಟುಗಳಲ್ಲಿ ಕಾಣುವ, ಐದು ಚಿಕ್ಕ ರಂಧ್ರಗಳು ಅರ್ಧಚಂದ್ರದಂತೆ ಇರುವ 'ಡಿನ್' ಸಾಕೆಟ್. ನಾಲ್ಕನೆಯದು ಸ್ಪೀಕರ್ ಪೆಟ್ಟಿಗೆಗೆ ಹೋಗುವ ತಂತಿ. ಮೊದಲ ಮೂರನ್ನು ಬಳಸಬಹುದು. ನಾಲ್ಕನೆಯದನ್ನು ಮುಟ್ಟಬಾರದು, ಕಾರಣ ಮುಂದೆ ಹೇಳಿದೆ.

ಇನ್ನು ಹೊಸ ಸ್ಪೀಕರನ್ನು ನೋಡಬೇಕು. ಅದರಲ್ಲಿ 'ಆಕ್ಸ್' ಎಂಬ 3.5 ಮಿಲಿಮೀಟರಿನ ತೂತು ಇದ್ದರೆ ಕೆಲಸ ಅರ್ಧ ಮುಗಿದಂತೆ. ಟೇಪಿನ ಲೈನ್ ಔಟಿನಿಂದಲೋ ಹೆಡ್‌ಫೋನ್ ತೂತಿನಿಂದಲೋ ಅಲ್ಲಿಗೆ ಒಂದು ತಂತಿ ಹಾಕಿದರೆ ಸಾಕು, ಹಾಡು ಕೇಳುತ್ತದೆ. ತಂತಿಯಿಲ್ಲದ ಸ್ಪೀಕರ್ ಎಂದ ಮಾತ್ರಕ್ಕೆ ತಂತಿ ಬಳಸಬಾರದೆಂಬ ನಿಯಮವಿಲ್ಲ. ಹೆಚ್ಚು ಖರ್ಚಿಲ್ಲದ, ಹೆಚ್ಚು ಕಾಲ ಬಾಳುವ, ದನಿ ಕೆಡದ ದಾರಿ ಇದೇ. ಆದ್ದರಿಂದ ಮೊದಲು ತಂತಿ, ಅದು ಆಗದಿದ್ದರೆ ಮಾತ್ರ ಬ್ಲೂಟೂತ್ ಎಂಬ ಕ್ರಮ ಒಳ್ಳೆಯದು.

ಆಕ್ಸ್ ತೂತು ಇಲ್ಲದಿದ್ದರೆ, ಅಥವಾ ಸೆಟ್ಟು ನಡುಮನೆಯಲ್ಲಿದ್ದು ಹಾಡು ಜಗಲಿಯಲ್ಲಿ ಕೇಳಬೇಕಿದ್ದರೆ, ಬ್ಲೂಟೂತ್ ಟ್ರಾನ್ಸ್‌ಮಿಟರ್ ಬೇಕು. ಕೊಳ್ಳುವಾಗ ಹೆಚ್ಚಿನವರು ಎಡವುವುದು ಇಲ್ಲಿಯೇ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ರಿಸೀವರ್. ಅದು ಮೊಬೈಲಿನ ದನಿಯನ್ನು ಹಿಡಿದು ಹಳೆಯ ಸೆಟ್ಟಿಗೆ ಕೊಡುತ್ತದೆ. ಇಲ್ಲಿ ಬೇಕಾದುದು ಅದರ ತಿರುಗುಮುರುಗು. ಹಳೆಯ ಸೆಟ್ಟಿನ ದನಿಯನ್ನು ಗಾಳಿಗೆ ಬಿಡುವ ಟ್ರಾನ್ಸ್‌ಮಿಟರ್. ಕೆಲವು ಉಪಕರಣಗಳಲ್ಲಿ ಎರಡೂ ಇದ್ದು, ಬದಿಯಲ್ಲೊಂದು ಸ್ವಿಚ್ ಇರುತ್ತದೆ. ಅಂಥದ್ದನ್ನೇ ಕೊಂಡರೆ ಎರಡೂ ಕೆಲಸಕ್ಕೆ ಒದಗುತ್ತದೆ.

ಟ್ರಾನ್ಸ್‌ಮಿಟರಿಗೆ ಮೊಬೈಲ್ ಚಾರ್ಜರಿನ 5 ವೋಲ್ಟ್ ವಿದ್ಯುತ್ ಸಾಕು. ಅದರ ತಂತಿಯನ್ನು ಸೆಟ್ಟಿನ ಹೊರದಾರಿಗೆ ಸಿಕ್ಕಿಸಿ, ಅದನ್ನೂ ಸ್ಪೀಕರನ್ನೂ ಅಕ್ಕಪಕ್ಕ ಇಟ್ಟು ಎರಡನ್ನೂ ಜೋಡಣೆಯ ಸ್ಥಿತಿಗೆ ತರಬೇಕು. ಆ ಹೊತ್ತಿನಲ್ಲಿ ಮನೆಯವರ ಮೊಬೈಲುಗಳ ಬ್ಲೂಟೂತ್ ಆರಿಸಿರಬೇಕು. ಇಲ್ಲವಾದರೆ ಸ್ಪೀಕರು ತನಗೆ ಪರಿಚಯವಿರುವ ಮೊಬೈಲಿಗೇ ಹೋಗಿ ಅಂಟಿಕೊಳ್ಳುತ್ತದೆ. ಒಮ್ಮೆ ಜೋಡಿಯಾದ ಮೇಲೆ ಸಾಮಾನ್ಯವಾಗಿ ಹತ್ತು ಮೀಟರಿನವರೆಗೆ ದನಿ ತಲುಪುತ್ತದೆ. ಕಲ್ಲಿನ ದಪ್ಪ ಗೋಡೆ ನಡುವೆ ಬಂದರೆ ಆ ದೂರ ಕುಗ್ಗುತ್ತದೆ.

ಹೆಡ್‌ಫೋನ್ ತೂತನ್ನು ಬಳಸುವಾಗ ಸೆಟ್ಟಿನ ವಾಲ್ಯೂಮನ್ನು ತೀರ ಕೆಳಗಿಟ್ಟು ಮೆಲ್ಲಗೆ ಏರಿಸಬೇಕು. ಬಹಳ ಏರಿಸಿದರೆ ದನಿ ಒಡೆದು ಕೇಳುತ್ತದೆ. ಒಂದೇ ಸ್ಪೀಕರಿನ ಮೋನೋ ಸೆಟ್ಟಾದರೆ ಸ್ಟೀರಿಯೋ ಪಿನ್ ಸಿಕ್ಕಿಸಿದಾಗ ಒಂದೇ ಬದಿಯಲ್ಲಿ ದನಿ ಬರಬಹುದು. ಅದಕ್ಕೆ ಮೋನೋ-ಸ್ಟೀರಿಯೋ ಅಡಾಪ್ಟರ್ ಸಿಗುತ್ತದೆ. ಡಿನ್ ಸಾಕೆಟ್ಟಿಗೆ ರೇಡಿಯೋ ರಿಪೇರಿಯವರಿಂದ ಒಂದು ತಂತಿ ಬೆಸೆಸಿಕೊಳ್ಳಬಹುದು. ಟೇಪಿನ ಡಿನ್ ಸಾಕೆಟ್ಟಿನಲ್ಲಿ 3 ಮತ್ತು 5ನೆಯ ಪಿನ್ನುಗಳು ಎಡ-ಬಲದ ದನಿಗೆ, 2ನೆಯದು ಅರ್ಥ್‌ಗೆ ಮೀಸಲು.

ಗ್ರಾಮಫೋನ್ ರೆಕಾರ್ಡ್ ತಿರುಗಿಸುವ ಯಂತ್ರವಿದ್ದರೆ ಇನ್ನೊಂದು ಸಂಗತಿ ತಿಳಿದಿರಬೇಕು. ಅಯಸ್ಕಾಂತದ ಸೂಜಿಯುಳ್ಳ ಯಂತ್ರಗಳಿಂದ ಹೊರಡುವ ಸಂಕೇತ ಕೆಲವೇ ಮಿಲಿವೋಲ್ಟಿನಷ್ಟು. ಅದನ್ನು ನೇರವಾಗಿ ಟ್ರಾನ್ಸ್‌ಮಿಟರಿಗೆ ಕೊಟ್ಟರೆ ದನಿ ಕೀಚಲಾಗಿ, ಪಿಸುಮಾತಿನಂತೆ ಕೇಳುತ್ತದೆ. ನಡುವೆ 'ಫೋನೋ ಪ್ರೀ-ಆಂಪ್' ಬೇಕು. ಹಳೆಯ ಆಂಪ್ಲಿಫೈಯರಿನಲ್ಲಿ 'ಫೋನೋ' ಎಂಬ ಒಳದಾರಿ ಇದ್ದರೆ ಅದೇ ಆ ಕೆಲಸ ಮಾಡುತ್ತದೆ. ಸೆರಾಮಿಕ್ ಸೂಜಿಯ ಹಳೆಯ ಯಂತ್ರಗಳ ಸಂಕೇತ ಇದಕ್ಕಿಂತ ಎಷ್ಟೋ ಪಟ್ಟು ಬಲವಾದುದು. ಅವುಗಳಿಗೆ ಈ ಪ್ರೀ-ಆಂಪ್ ಹಾಕಬಾರದು.

ಎಚ್ಚರದ ನಾಲ್ಕು ಮಾತು

ಸ್ಪೀಕರ್ ಪೆಟ್ಟಿಗೆಗೆ ಹೋಗುವ ತಂತಿಯನ್ನು ಟ್ರಾನ್ಸ್‌ಮಿಟರಿಗಾಗಲಿ ಆಕ್ಸ್ ತೂತಿಗಾಗಲಿ ಕೊಡಬಾರದು. ಲೈನ್ ಔಟಿನಲ್ಲಿ ಬರುವುದು ಒಂದು ವೋಲ್ಟಿಗೂ ಕಡಿಮೆ. ಸ್ಪೀಕರ್ ತಂತಿಯಲ್ಲಿ ಅದರ ಹತ್ತಾರು ಪಟ್ಟು ಬರಬಹುದು. ಹೊಸ ಉಪಕರಣ ಸುಟ್ಟುಹೋಗುತ್ತದೆ. ಕೆಲವೊಮ್ಮೆ ಹಳೆಯದೂ ಅದರ ಹಿಂದೆಯೇ ಹೋಗುತ್ತದೆ. ಇದು ಮೊದಲನೆಯ ಎಚ್ಚರ.

ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ವಾಲ್ವ್ ಕಾಲದ ಕೆಲವು ರೇಡಿಯೋಗಳಿಗೆ ಟ್ರಾನ್ಸ್‌ಫಾರ್ಮರ್ ಇರುತ್ತಿರಲಿಲ್ಲ. ಅವುಗಳ ಒಳಗಿನ ಲೋಹದ ತಗಡಿಗೇ ಮನೆಯ ವಿದ್ಯುತ್ತಿನ ನೇರ ಸಂಪರ್ಕವಿರುತ್ತದೆ. ಅಂಥ ಸೆಟ್ಟಿನಿಂದ ಹೊರಗೆ ತಂತಿ ಎಳೆಯುವುದೆಂದರೆ 230 ವೋಲ್ಟನ್ನು ಕೈಗೆ ತಂದುಕೊಂಡಂತೆ. ವಾಲ್ವ್ ಸೆಟ್ಟುಗಳನ್ನು ತಿಳಿದ ರಿಪೇರಿಯವರು ನೋಡಿ ಒಪ್ಪದ ಹೊರತು ಯಾವುದಕ್ಕೂ ಜೋಡಿಸಬಾರದು. ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ನೆನಪಿಡಬೇಕು.

ಮೂರನೆಯದಾಗಿ, ಬ್ಲೂಟೂತಿನಲ್ಲಿ ದನಿ ಕೊಂಚ ತಡವಾಗಿ ತಲುಪುತ್ತದೆ. ಸೆಕೆಂಡಿನ ಹತ್ತನೆಯ ಒಂದೆರಡು ಪಾಲಿನಷ್ಟು ಈ ವಿಳಂಬ ಹಾಡು ಕೇಳುವವರಿಗೆ ತಿಳಿಯುವುದೇ ಇಲ್ಲ. ಆದರೆ ಹಳೆಯ ಪೆಟ್ಟಿಗೆ, ಹೊಸ ಸ್ಪೀಕರ್ ಎರಡನ್ನೂ ಒಟ್ಟಿಗೆ ನುಡಿಸಿದರೆ ಬಾವಿಯೊಳಗೆ ಕೂಗಿದಂತೆ ಪ್ರತಿಧ್ವನಿ ಕೇಳುತ್ತದೆ. ಭಜನೆಯ ಮೈಕಿಗೆ, ನಾಟಕದ ತಾಲೀಮಿಗೆ ಬ್ಲೂಟೂತ್ ಹೊಂದುವುದಿಲ್ಲ. ಅಲ್ಲಿ ತಂತಿಯೇ ಸರಿ. ಜೋಡಿಸಿದ ಮೇಲೆ 'ಗುಂಯ್' ಎಂಬ ಸದ್ದು ಬಂದರೆ ಟ್ರಾನ್ಸ್‌ಮಿಟರನ್ನು ಪವರ್ ಬ್ಯಾಂಕಿನಿಂದ ನಡೆಸಿ ನೋಡಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಸದ್ದು ಅಡಗುತ್ತದೆ.

ನಾಲ್ಕನೆಯದು ಕ್ಯಾಸೆಟ್ಟಿನ ಸುರಕ್ಷತೆ. ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ತಂದೊಡನೆ ನುಡಿಸಬಾರದು. ಟೇಪಿನ ಹೆಡ್ಡನ್ನೂ ರಬ್ಬರ್ ಗಾಲಿಯನ್ನೂ ಮೊದಲು ಸ್ವಚ್ಛಗೊಳಿಸಬೇಕು. ಹೆಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಒಳ್ಳೆಯದು. ಸಡಿಲಗೊಂಡ ಬೆಲ್ಟನ್ನು ಬದಲಿಸಬೇಕು. ಬೇಡದ ಒಂದು ಕ್ಯಾಸೆಟ್ ಹಾಕಿ ಯಂತ್ರ ಸುರುಳಿಯನ್ನು ನುಂಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮನೆಯವರ ದನಿಯಿರುವ ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ಮುರಿದರೆ, ಯಾರಾದರೂ ಅರಿಯದೆ ಕೆಂಪು ಗುಂಡಿ ಒತ್ತಿದರೂ ಹಳೆಯ ದನಿ ಅಳಿಯುವುದಿಲ್ಲ.

ಹಳೆಯ ಪೆಟ್ಟಿಗೆ, ಹೊಸ ಹಾಡು

ಇದರ ತಿರುಗು ದಾರಿಯನ್ನೂ ಮರೆಯುವಂತಿಲ್ಲ. ಟೇಪಿನ ಯಂತ್ರಭಾಗ ಕೆಟ್ಟಿದ್ದು ಆಂಪ್ಲಿಫೈಯರ್, ಸ್ಪೀಕರ್ ಪೆಟ್ಟಿಗೆಗಳು ಚೆನ್ನಾಗಿರುವ ಮನೆಗಳು ಬಹಳ. ಅಂಥಲ್ಲಿ ಹೊಸ ಸ್ಪೀಕರ್ ಕೊಳ್ಳುವ ಅಗತ್ಯವೇ ಇಲ್ಲ. ಆಂಪ್ಲಿಫೈಯರಿನ 'ಆಕ್ಸ್ ಇನ್' ದಾರಿಗೆ ಬ್ಲೂಟೂತ್ ರಿಸೀವರ್ ಸಿಕ್ಕಿಸಿದರೆ ಮೊಬೈಲಿನ ಹಾಡು ಆ ಮರದ ಪೆಟ್ಟಿಗೆಗಳಲ್ಲಿ ತುಂಬಿ ಬರುತ್ತದೆ. ಪೆಟ್ಟಿಗೆಯ ಗಾತ್ರ, ಕೋನಿನ ಅಗಲ ಹೆಚ್ಚಿದಷ್ಟೂ ಮದ್ದಳೆಯಂಥ ತಗ್ಗು ದನಿಗಳು ಸಹಜವಾಗಿ ಕೇಳುತ್ತವೆ. ಇದು ಭೌತಶಾಸ್ತ್ರದ ನಿಯಮ. ಹೊಸತೆಂಬ ಒಂದೇ ಕಾರಣಕ್ಕೆ ಅಂಗೈಯಗಲದ ಡಬ್ಬಿ ಅದನ್ನು ಮೀರಲಾರದು. ಕಾಲಾಂತರದಲ್ಲಿ ಕೋನಿನ ಸುತ್ತಲಿನ ಫೋಮ್ ಪುಡಿಯಾಗುತ್ತದೆ. ಅದನ್ನೂ ಬದಲಿಸಬಹುದು.

ಇದಕ್ಕೆ ಎದುರಾಗಿ ಒಂದು ನ್ಯಾಯವಾದ ಆಕ್ಷೇಪವಿದೆ. ಹಳೆಯ ಸೆಟ್ಟು ಹೆಚ್ಚು ವಿದ್ಯುತ್ ತಿನ್ನುವುದಿಲ್ಲವೇ? ತಿನ್ನುತ್ತದೆ. ಆದರೆ ಎಷ್ಟು ಎಂದು ಲೆಕ್ಕ ಹಾಕಬೇಕು. 40 ವ್ಯಾಟ್ ಎಳೆಯುವ ಸೆಟ್ಟನ್ನು ದಿನಕ್ಕೊಂದು ಗಂಟೆ ಹಾಕಿದರೆ ಒಂದು ಯೂನಿಟ್ ಆಗಲು 25 ದಿನ ಬೇಕು. ಪಾವಗಡದ ತಿರುಮಣಿ, ವಳ್ಳೂರು ಸುತ್ತಲಿನ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವ್ಯಾಟ್ ಸೌರವಿದ್ಯುತ್ ಸ್ಥಾವರ ಎದ್ದಿರುವುದು ನಿಜ. ಹಾಗೆಂದು ವಿದ್ಯುತ್ತನ್ನು ಪೋಲು ಮಾಡಬೇಕಿಲ್ಲ. ಕೇಳದಿರುವಾಗ ಗೋಡೆಯ ಸ್ವಿಚ್ ಆರಿಸಿದರೆ ಸಾಕು. ತಿಂಗಳಿಗೆ ಒಂದು ಯೂನಿಟ್ಟಿನ ನೆಪವೊಡ್ಡಿ ಹತ್ತು ಕಿಲೋ ಲೋಹ, ಮರಗಳನ್ನು ಕಸಕ್ಕೆ ಹಾಕುವುದು ಉಳಿತಾಯವೆನಿಸದು.

ಇನ್ನೊಂದು ಆಕ್ಷೇಪ: ರಿಪೇರಿ ಮಾಡುವವರು ಎಲ್ಲಿದ್ದಾರೆ? ಒಂದು ಕಾಲಕ್ಕೆ ಪ್ರತಿಯೊಂದು ಪೇಟೆಯಲ್ಲೂ ಇದ್ದ ರೇಡಿಯೋ ರಿಪೇರಿ ಅಂಗಡಿಗಳು ವಿರಳವಾಗಿವೆ ಎಂಬುದು ನಿಜ. ಕೆಲಸ ತರುವವರಿಲ್ಲದೆ ಅವು ಮುಚ್ಚಿದವು. ಮುಚ್ಚಿದ್ದರಿಂದ ಜನ ಎಸೆಯತೊಡಗಿದರು. ಈ ಸುತ್ತನ್ನು ಎಲ್ಲಿಯಾದರೂ ಮುರಿಯಲೇಬೇಕು. ವರ್ಷಕ್ಕೆ ನಾಲ್ಕು ಸೆಟ್ಟು ಹೆಚ್ಚಿಗೆ ಬಂದರೂ ಅಳಿದುಳಿದ ಅಂಗಡಿಯ ಬಾಗಿಲು ತೆರೆದಿರುತ್ತದೆ. ಐಟಿಐ ಕಲಿತ ಹುಡುಗನೊಬ್ಬ ಬೆಂಗಳೂರಿನ ಬಸ್ಸು ಹತ್ತದೆ ಊರಿನಲ್ಲೇ ಉಳಿಯಬಹುದು.

ಕಾನೂನು ಏನು ಹೇಳುತ್ತದೆ?

ವಿದ್ಯುನ್ಮಾನ ಕಸದ ಬಗ್ಗೆ ಭಾರತದಲ್ಲಿ ಪ್ರತ್ಯೇಕ ನಿಯಮಗಳು ರೂಪುಗೊಂಡದ್ದು 2011ರಲ್ಲಿ. ಜಾರಿಯಾದದ್ದು 2012ರ ಮೇ ತಿಂಗಳಲ್ಲಿ. 2022ರಲ್ಲಿ ಹೊಸದಾಗಿ ರೂಪಿಸಿದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅವುಗಳ ವ್ಯಾಪ್ತಿ 21 ಬಗೆಯ ವಸ್ತುಗಳಿಂದ 106ಕ್ಕೆ ಹಿಗ್ಗಿತು. ವಸ್ತುವನ್ನು ತಯಾರಿಸಿದವರೇ ಅದರ ಕೊನೆಗಾಲದ ಹೊಣೆಯನ್ನೂ ಹೊರಬೇಕೆಂಬುದು ಇವುಗಳ ತಿರುಳು. ಬ್ಯಾಟರಿಗಳಿಗೆಂದೇ 2022ರ ಆಗಸ್ಟಿನಲ್ಲಿ ಬೇರೆ ನಿಯಮಗಳು ಬಂದವು. ದುರಸ್ತಿಯ ಹಕ್ಕಿನ ಕುರಿತು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನು ತೆರೆಯಿತು.

ಆದರೆ ಜಾಲತಾಣದಿಂದ ಅಂಟು ಬಿಚ್ಚುವುದಿಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ಕಾನೂನು ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಪ್ರಕಾರ ಅಲ್ಲಿ ಮಾರುವ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸಿಕೊಳ್ಳುವಂತಿರಬೇಕೆಂಬ ನಿಯಮ, ಕೆಲವು ವಿನಾಯಿತಿಗಳೊಂದಿಗೆ, 2027ರ ಫೆಬ್ರವರಿ 18ಕ್ಕೆ ನಿಗದಿಯಾಯಿತು. ಯುರೋಪಿನ ಗ್ರಾಹಕನಿಗೆ ಬಿಚ್ಚಲು ಬರುವ ಸ್ಪೀಕರ್, ಶಿರಾದ ಗ್ರಾಹಕನಿಗೆ ಅಂಟಿಸಿದ ಸ್ಪೀಕರ್ ಎಂಬ ಭೇದವನ್ನು ಒಪ್ಪಬೇಕಾಗಿಲ್ಲ. ಇಂಥ ನಿಯಮ ಇಲ್ಲಿಯೂ ಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ. ಅದು ಬರುವವರೆಗೆ, ಹೊಸ ಸ್ಪೀಕರ್ ಕೊಳ್ಳಲೇಬೇಕಾದವರು ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಬಹುದು: ಇದಕ್ಕೆ ಆಕ್ಸ್ ತೂತು ಇದೆಯೇ? ಇದರ ಬ್ಯಾಟರಿ ಬದಲಿಸಲು ಬರುತ್ತದೆಯೇ? ಕೊಳ್ಳುವವರು ಕೇಳುತ್ತ ಹೋದರೆ ಮಾರುವವರು ಉತ್ತರ ಹುಡುಕಲೇಬೇಕಾಗುತ್ತದೆ.

ಎಷ್ಟು ಮಾಡಿದರೂ ಉಳಿಯದ ಸೆಟ್ಟುಗಳಿರುತ್ತವೆ. ಅವು ಬೆಂಕಿಗೆ ಹೋಗಬಾರದು. ದೇಶದಲ್ಲೇ ಮೊದಲು ಅಧಿಕೃತ ಪರವಾನಗಿ ಪಡೆದ ವಿದ್ಯುನ್ಮಾನ ಕಸದ ಸಂಸ್ಕರಣಾ ಘಟಕವಾದ ಇ-ಪರಿಸರ 2005ರಲ್ಲಿ ಕೆಲಸ ಆರಂಭಿಸಿದ್ದು ತುಮಕೂರು-ಬೆಂಗಳೂರು ಹೆದ್ದಾರಿಯ ದಾಬಸ್‌ಪೇಟೆಯಲ್ಲಿ. ಈ ನಾಲ್ಕು ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗುವ ಹೆಚ್ಚಿನ ಬಸ್ಸುಗಳು ಹಾಯುವ ದಾರಿಯದು. ಒಬ್ಬೊಬ್ಬರೇ ಹೊತ್ತು ಒಯ್ಯುವುದು ಕಷ್ಟ. ಆದರೆ ಪಟ್ಟಣದ ಸ್ಥಳೀಯ ಸಂಸ್ಥೆಗಳೂ ಗ್ರಾಮ ಪಂಚಾಯಿತಿಗಳೂ ಮೂರು ತಿಂಗಳಿಗೊಮ್ಮೆ ಒಂದು ದಿನ ಗೊತ್ತುಮಾಡಿ ಇಂಥ ಕಸವನ್ನು ಒಟ್ಟುಗೂಡಿಸಿ ನೋಂದಾಯಿತ ಘಟಕಗಳಿಗೆ ತಲುಪಿಸುವುದು ಅಸಾಧ್ಯವಲ್ಲ. ಇದನ್ನು ಗ್ರಾಮಸಭೆಯಲ್ಲಿ ಕೇಳಬೇಕು.

ಶಾಲೆಗಳಿಂದ ಆರಂಭವಾಗಲಿ

ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಆದ್ದರಿಂದ ಒಂದು ಕೆಲಸವನ್ನು ಒಟ್ಟಿಗೆ ಆರಂಭಿಸಲು ಇಲ್ಲಿ ಅನುಕೂಲವಿದೆ. ಆಕಾಶವಾಣಿಯ ಮಕ್ಕಳ ಪಾಠಗಳನ್ನು ಕೇಳಿಸಿದ ರೇಡಿಯೋ, ಟೇಪುಗಳು ಅನೇಕ ಶಾಲೆಗಳ ಬೀರುಗಳಲ್ಲಿ ಇನ್ನೂ ಇರಬಹುದು. ಮೊದಲು ಆ ಬೀರುವನ್ನು ತೆರೆಯಲಿ. ಪರಿಸರ ಸಂಘದ ಮಕ್ಕಳು ತಮ್ಮ ಬೀದಿಯ ಮನೆಗಳಲ್ಲಿ ನಡೆಯುವ ಸೆಟ್ಟು ಎಷ್ಟು, ಕೆಟ್ಟದ್ದು ಎಷ್ಟು, ಮನೆಯವರೇ ತುಂಬಿದ ಕ್ಯಾಸೆಟ್ಟು ಎಷ್ಟು ಎಂದು ಪಟ್ಟಿ ಮಾಡಲಿ. ಊರಿಗೊಂದು ಸುಸ್ಥಿತಿಯ ಟೇಪ್ ಸಿದ್ಧವಾದರೂ ಸಾಕು; ಇಡೀ ಊರಿನ ಕ್ಯಾಸೆಟ್ಟುಗಳು ಬಾಯಿ ಬಿಡುತ್ತವೆ.

ಜೋಡಿಸಿದ ದಿನವೇ ಇನ್ನೊಂದು ಕೆಲಸ ಆಗಬೇಕು. ಸ್ಪೀಕರಿಗೆ ದನಿ ಒಯ್ಯುವ ಅದೇ ದಾರಿಯಿಂದ ಕಂಪ್ಯೂಟರಿಗೂ ದನಿ ಒಯ್ಯಬಹುದು. ಲೈನ್ ಔಟಿನ ತಂತಿಯನ್ನು ಶಾಲೆಯ ಕಂಪ್ಯೂಟರಿನ 'ಲೈನ್ ಇನ್' ತೂತಿಗೆ ಕೊಟ್ಟು ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ನುಡಿಸಿದರೆ ಅದರ ಪ್ರತಿ ಸಿದ್ಧ. ಹಾಡಿದವರ ಹೆಸರು, ಊರು, ವರ್ಷ, ಸಂದರ್ಭಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಬೇಕು. ಪ್ರತಿಯನ್ನು ಯಾರಿಗೆ ಕೇಳಿಸಬೇಕು, ಯಾರಿಗೆ ಬೇಡ ಎಂಬುದನ್ನು ಆ ಮನೆಯವರೇ ನಿರ್ಧರಿಸಲಿ. ಕ್ಯಾಸೆಟ್ಟಿನ ಕಾಂತಪಟ್ಟಿ ಬಿಸಿಲು, ಧೂಳು, ತೇವಗಳಲ್ಲಿ ಕ್ಷಯಿಸುತ್ತಲೇ ಇರುತ್ತದೆ. ಅಟ್ಟದ ಮೇಲೆ ಕಳೆಯುವ ಪ್ರತಿಯೊಂದು ಬೇಸಿಗೆಯೂ ಅದರ ಆಯುಷ್ಯವನ್ನು ತಿನ್ನುತ್ತದೆ.

ಸ್ಪೀಕರನ್ನು ಬೆಟ್ಟಕ್ಕೆ ಒಯ್ಯುವವರಿಗೂ ಒಂದು ಮಾತು ಹೇಳಬೇಕಾಗಿದೆ. ಮಧುಗಿರಿಯ ಏಕಶಿಲೆಯನ್ನೋ ಸಿದ್ಧರಬೆಟ್ಟವನ್ನೋ ಹತ್ತುವಾಗ ಹೆಗಲಿಗೆ ನೇತುಹಾಕಿಕೊಂಡ ಸ್ಪೀಕರಿನಲ್ಲಿ ಅಬ್ಬರಿಸುವ ಹಾಡಿಗೂ ಈ ಲೇಖನದ ಆಶಯಕ್ಕೂ ಸಂಬಂಧವಿಲ್ಲ. ಮೈದನಹಳ್ಳಿಯ ಕೃಷ್ಣಮೃಗಗಳಿಗೂ ಬುಕ್ಕಾಪಟ್ಟಣದ ಚಿಂಕಾರಗಳಿಗೂ ಕೇಳಿಸಿಕೊಂಡೇ ಬದುಕಬೇಕಾದ ಕಿವಿಗಳಿವೆ. ಹಾಡು ಮನೆಯಲ್ಲಿರಲಿ; ಬೆಟ್ಟದಲ್ಲಿ ಬೆಟ್ಟದ ಸದ್ದಿರಲಿ.

ಮುಂದಿನ ಬಾರಿ ಅಟ್ಟ ಇಳಿಸುವಾಗ, ಗುಜರಿಯವರ ಕೂಗು ಕೇಳುವ ಮೊದಲು, ಆ ಸೆಟ್ಟಿನ ಹಿಂಬದಿಯನ್ನು ಒಮ್ಮೆ ಒರೆಸಿ ನೋಡಲಿ. ಅಲ್ಲಿ ಒಂದು ತೂತು ಇರಬಹುದು. ತಂತಿ ಸಿಕ್ಕಿಸಿ, ಡಬ್ಬದ ತಳದಲ್ಲಿರುವ ಹೆಸರಿಲ್ಲದ ಕ್ಯಾಸೆಟ್ಟನ್ನು ಹಾಕಲಿ. ಮೊಮ್ಮಗಳು ಕೊಂಡ ಹೊಸ ಸ್ಪೀಕರಿನಿಂದ ಅವಳು ಎಂದೂ ಕಾಣದ ಮುತ್ತಜ್ಜಿಯ ಹಾಡು ಹೊರಟರೆ, ಆ ಮನೆಯಿಂದ ಮತ್ತೆ ಯಾವ ಸೆಟ್ಟೂ ತಕ್ಕಡಿಗೆ ಏರುವುದಿಲ್ಲ.